ಮೊದಲು ತಾರಸಿ, ಕೊನೆಗೆ ಸೌರಫಲಕ: ಕಾಲೇಜು ಕಟ್ಟಡದ ಹಸಿರು ನವೀಕರಣಕ್ಕೆ ಒಪ್ಪಿಗೆ ಪಡೆಯುವ ಬಗೆ

ಇರುವ ಕಟ್ಟಡವನ್ನು ಉಳಿಸಿಕೊಂಡು, ಅದು ನುಂಗುವ ವಿದ್ಯುತ್ತು ಮತ್ತು ನೀರನ್ನು ತಗ್ಗಿಸಿ, ಒಳಗೆ ಕೂತು ಓದುವವರಿಗೆ ಗಾಳಿ, ಬೆಳಕು, ತಂಪು ಸಿಗುವಂತೆ ದುರಸ್ತಿ ಮಾಡುವುದೇ ಹಸಿರು ನವೀಕರಣ. ಅಂಗಳದಲ್ಲಿ ಗಿಡ ನೆಡುವುದು ಒಳ್ಳೆಯ ಕೆಲಸ, ಆದರೆ ನವೀಕರಣದ ತಿರುಳು ತಾರಸಿ, ಗೋಡೆ, ಕಿಟಕಿ, ಪೈಪು ಮತ್ತು ಮೀಟರ್ ಬೋರ್ಡಿನಲ್ಲಿದೆ. ಆಡಳಿತ ಮಂಡಳಿಯ ಮುಂದೆ ಇದಕ್ಕೆ ಒಪ್ಪಿಗೆ ಪಡೆಯಲು ಹೊರಟವರು ಘೋಷಣೆಗಳಿಗಿಂತ ಕಟ್ಟಡದ ಲೆಕ್ಕವನ್ನೇ ಹಿಡಿದುಕೊಂಡು ಹೋದರೆ ಕೆಲಸ ಕೈಗೂಡುತ್ತದೆ.

ರಾಮನಗರದ ಸುತ್ತಲಿನ ಜಿಲ್ಲೆಯನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಈ ನಾಲ್ಕೂ ಊರುಗಳಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳ ಜೊತೆಗೆ ಖಾಸಗಿ ಮತ್ತು ಅನುದಾನಿತ ಸಂಸ್ಥೆಗಳೂ ಇವೆ. ಸ್ವಾತಂತ್ರ್ಯ ಹೋರಾಟಗಾರ ಎಸ್. ಕರಿಯಪ್ಪನವರು ಕನಕಪುರದಲ್ಲಿ ಕಟ್ಟಿದ ರೂರಲ್ ಎಜುಕೇಷನ್ ಸೊಸೈಟಿಯ ಹಾಗೆ ಊರಿನವರ ದುಡಿಮೆಯಿಂದ ಎದ್ದ ಸಂಸ್ಥೆಗಳೂ ಇಲ್ಲಿವೆ. ಈ ಭಾಗದ ಹಳೆಯ ಕಟ್ಟಡಗಳೆಂದರೆ ಸೈಜುಗಲ್ಲಿನ ಗೋಡೆ, ಮೇಲೆ ಮಂಗಳೂರು ಹೆಂಚು ಅಥವಾ ಕಲ್ಲು ಚಪ್ಪಡಿ. ಆಮೇಲೆ ಬಂದವು ಇಟ್ಟಿಗೆ ಗೋಡೆಯ ಆರ್‌ಸಿಸಿ ಕಟ್ಟಡಗಳು. ದುರಸ್ತಿಗೆ ಹೆಚ್ಚಾಗಿ ಕಾದು ಕೂತಿರುವುದು ಈ ಎರಡನೆಯ ಬಗೆಯವೇ.

ಕೆಡವಬೇಕೋ, ಉಳಿಸಬೇಕೋ?

ಕಟ್ಟಡ ಸೋರಲು ಶುರುವಾದೊಡನೆ ಹೊಸದನ್ನೇ ಕಟ್ಟಿಬಿಡೋಣ ಎಂಬ ಮಾತು ಬರುತ್ತದೆ. ಹೊಸ ಕಟ್ಟಡಕ್ಕೆ ಶಂಕುಸ್ಥಾಪನೆಯ ಕಲ್ಲು ಇರುತ್ತದೆ, ದುರಸ್ತಿಗೆ ಅದಿಲ್ಲ. ಆದರೆ ಈ ಜಿಲ್ಲೆಯಲ್ಲಿ ಹೊಸ ಕಟ್ಟಡದ ಬೆಲೆಯನ್ನು ಬೆಟ್ಟಗಳೂ ತೆರುತ್ತವೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಇಲ್ಲಿನ ಬಂಡೆಗೂ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಹೆಸರಿಟ್ಟಿದ್ದಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಕಾಂಕ್ರೀಟಿಗೆ ಬೇಕಾದ ಜಲ್ಲಿ ಮತ್ತು ಎಂ-ಸ್ಯಾಂಡ್ ಬರುವುದು ಇಂಥ ಬಂಡೆಯನ್ನು ಪುಡಿಮಾಡಿಯೇ. ಇದೇ ಸಾಲಿನ ರಾಮದೇವರಬೆಟ್ಟದ ಬಂಡೆಸೀಳುಗಳಲ್ಲಿ ಗೂಡು ಕಟ್ಟುವ ಉದ್ದ ಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ರಣಹದ್ದು ಧಾಮವೂ ಆಯಿತು. ಸಿಮೆಂಟಿನದು ಇನ್ನೊಂದು ಕತೆ. ಒಂದು ಟನ್ ಸಿಮೆಂಟು ತಯಾರಾಗುವಾಗ ಅರ್ಧ ಟನ್ನಿಗೂ ಹೆಚ್ಚು ಇಂಗಾಲದ ಡೈಆಕ್ಸೈಡ್ ಗಾಳಿಗೆ ಸೇರುತ್ತದೆ, ಏಕೆಂದರೆ ಗೂಡಿಗೆ ಹಾಕುವ ಇಂಧನ ಮಾತ್ರವಲ್ಲ, ಕಾಯಿಸಿದ ಸುಣ್ಣದ ಕಲ್ಲೂ ಅದನ್ನು ಬಿಡುತ್ತದೆ. ನಿಂತಿರುವ ಕಟ್ಟಡದ ಅಡಿಪಾಯ, ಗೋಡೆ, ತಾರಸಿಗಳಿಗೆ ಈ ಖರ್ಚು ಆಗಲೇ ಆಗಿಹೋಗಿದೆ. ಕೆಡವಿದರೆ ಅದೆಲ್ಲ ಲಾರಿಗಟ್ಟಲೆ ಕಸ.

ಹಾಗೆಂದು ಎಲ್ಲ ಹಳೆಯ ಕಟ್ಟಡವನ್ನೂ ಉಳಿಸಬೇಕೆಂದಲ್ಲ. ತಾರಸಿಯ ಅಡಿಯಲ್ಲಿ ಗಾರೆ ಉದುರಿ ಕಂಬಿ ತುಕ್ಕು ಹಿಡಿದು ಕಾಣುತ್ತಿದ್ದರೆ, ತೊಲೆಗಳಲ್ಲಿ ಓರೆ ಬಿರುಕು ಬಿಟ್ಟಿದ್ದರೆ, ಅಡಿಪಾಯ ಕುಸಿದು ಗೋಡೆ ಸೀಳಿದ್ದರೆ ಮೊದಲು ಕಟ್ಟಡದ ಬಲ ಪರೀಕ್ಷೆ ಆಗಬೇಕು. ಕಾಂಕ್ರೀಟನ್ನು ಒಡೆಯದೆಯೇ ಅದರ ಗಟ್ಟಿತನ ತಿಳಿಯುವ ಸುತ್ತಿಗೆ ಪರೀಕ್ಷೆ, ಶಬ್ದತರಂಗ ಹಾಯಿಸಿ ಒಳಗಿನ ಟೊಳ್ಳು ಕಂಡುಹಿಡಿಯುವ ಪರೀಕ್ಷೆ ಇವೆ. ಪರಿಣತ ಎಂಜಿನಿಯರ್ ಬರೆದುಕೊಟ್ಟ ವರದಿ ಪ್ರಸ್ತಾವನೆಯ ಮೊದಲ ದಾಖಲೆಯಾಗಬೇಕು. ಅದಿಲ್ಲದೆ ಹಸಿರಿನ ಮಾತಾಡುವುದು ಹೊಣೆಗೇಡಿತನ.

ಒಂದು ವರ್ಷದ ಬಿಲ್ಲು, ಒಂದು ದಿನದ ಎಣಿಕೆ

ವಾದಕ್ಕೆ ಬೇಕಾದ ಅಂಕಿ-ಅಂಶವೆಲ್ಲ ಕಾಲೇಜಿನೊಳಗೇ ಇದೆ. ಕಚೇರಿಯಲ್ಲಿ ಹಿಂದಿನ 12 ತಿಂಗಳ ಬೆಸ್ಕಾಂ ಬಿಲ್ಲು ಸಿಗುತ್ತದೆ. ಅದರಲ್ಲಿ ಬಳಸಿದ ಯೂನಿಟ್ಟಿನ ಜೊತೆಗೆ ಮಂಜೂರಾದ ಲೋಡ್ ಮತ್ತು ಅದಕ್ಕೆ ಬೀಳುವ ನಿಗದಿತ ಶುಲ್ಕವನ್ನೂ ನೋಡಬೇಕು. ರಜೆಯ ತಿಂಗಳಲ್ಲೂ ಬಿಲ್ಲು ಇಳಿಯದಿದ್ದರೆ ಕಾರಣ ಹುಡುಕಬೇಕು. ಆರಿಸದೆ ಬಿಟ್ಟ ಯುಪಿಎಸ್, ಸೋರುವ ಟ್ಯಾಂಕಿಗೆ ದಿನವಿಡೀ ನೀರೆತ್ತುವ ಪಂಪು ಇಂಥವು ಆಗ ಬಯಲಾಗುತ್ತವೆ. ವಿದ್ಯಾರ್ಥಿಗಳ ಒಂದು ತಂಡ ಒಂದು ದಿನ ಕೋಣೆ ಕೋಣೆ ಸುತ್ತಿ ದೀಪ, ಫ್ಯಾನು, ಕಂಪ್ಯೂಟರು, ನಲ್ಲಿ, ಫ್ಲಶ್ ಟ್ಯಾಂಕುಗಳನ್ನು ಎಣಿಸಿದರೆ ಅರ್ಧ ಲೆಕ್ಕ ಮುಗಿಯಿತು. ರಾಮನಗರದಲ್ಲೇ ಸರ್ಕಾರಿ ಎಂಜಿನಿಯರಿಂಗ್ ಕಾಲೇಜು ಇರುವುದರಿಂದ ಅಲ್ಲಿನ ಅಧ್ಯಾಪಕರ ನೆರವನ್ನೂ ಕೇಳಬಹುದು. ದೊಡ್ಡ ಮೊತ್ತದ ಕೆಲಸಕ್ಕಾದರೆ ಕೇಂದ್ರದ ಇಂಧನ ದಕ್ಷತಾ ಬ್ಯೂರೊ ಪ್ರಮಾಣೀಕರಿಸಿದ ಆಡಿಟರ್ ವರದಿ ಹೆಚ್ಚು ತೂಕ ತರುತ್ತದೆ.

ಒಂದು ಕೋಣೆಯ ಉದಾಹರಣೆಯನ್ನು ಪೂರ್ತಿ ಬಿಡಿಸಿ ನೋಡುವುದು ಒಳ್ಳೆಯದು. ಅಲ್ಲಿ 6 ಹಳೆಯ ಟ್ಯೂಬ್‌ಲೈಟು, 6 ಸಾಮಾನ್ಯ ಫ್ಯಾನು ಇವೆ ಎಂದುಕೊಳ್ಳೋಣ. ಚೋಕ್ ಸೇರಿ ಟ್ಯೂಬಿಗೆ 50 ವ್ಯಾಟ್, ಫ್ಯಾನಿಗೆ 75 ವ್ಯಾಟ್. ಎಲ್‌ಇಡಿ ದೀಪಕ್ಕೆ 20 ವ್ಯಾಟ್ ಸಾಕು, ಹೊಸ ಬಗೆಯ ಮೋಟಾರಿನ ಬಿಎಲ್‌ಡಿಸಿ ಫ್ಯಾನಿಗೆ 30 ವ್ಯಾಟ್. ದಿನಕ್ಕೆ 6 ಗಂಟೆಯಂತೆ ವರ್ಷಕ್ಕೆ 200 ದಿನ ಪಾಠ ನಡೆದರೆ 1,200 ಗಂಟೆ. ದೀಪ ಬದಲಿಸಿದರೆ ವರ್ಷಕ್ಕೆ 216 ಯೂನಿಟ್, ಫ್ಯಾನು ಬದಲಿಸಿದರೆ 324 ಯೂನಿಟ್ ಉಳಿತಾಯ. ಯೂನಿಟ್ಟಿಗೆ 8 ರೂಪಾಯಿ, ಎಲ್‌ಇಡಿ ದೀಪಕ್ಕೆ 300 ರೂಪಾಯಿ, ಫ್ಯಾನಿಗೆ 3,000 ರೂಪಾಯಿ ಎಂದು ಹಿಡಿಯೋಣ. ದೀಪಗಳಿಗೆ ಹಾಕಿದ 1,800 ರೂಪಾಯಿ ಹೆಚ್ಚುಕಡಿಮೆ ಒಂದೇ ವರ್ಷದಲ್ಲಿ ಮರಳುತ್ತದೆ. ಫ್ಯಾನಿಗೆ ಹಾಕಿದ 18,000 ರೂಪಾಯಿ ಮರಳಲು 7 ವರ್ಷ ಬೇಕು.

ಈ ವ್ಯತ್ಯಾಸವನ್ನು ಮುಚ್ಚಿಡದೆ ಹೇಳುವುದರಲ್ಲೇ ಪ್ರಸ್ತಾವನೆಯ ಬಲವಿದೆ. ದೀಪಗಳನ್ನು ಎಲ್ಲ ಕಡೆಯೂ ಈಗಲೇ ಬದಲಿಸಬಹುದು. ಫ್ಯಾನುಗಳನ್ನು ಮೊದಲು ಬದಲಿಸಬೇಕಾದದ್ದು ಹಾಸ್ಟೆಲಿನಲ್ಲಿ. ಅಲ್ಲಿ ವರ್ಷಕ್ಕೆ 3,000 ಗಂಟೆ ತಿರುಗುವ ಫ್ಯಾನು 135 ಯೂನಿಟ್ ಉಳಿಸಿ ಮೂರು ವರ್ಷದೊಳಗೆ ತನ್ನ ಬೆಲೆ ತೀರಿಸುತ್ತದೆ. ದಿನವಿಡೀ ತೆರೆದಿರುವ ಗ್ರಂಥಾಲಯ, ಕಚೇರಿಗಳದ್ದು ಆಮೇಲಿನ ಸರದಿ. ಪಾಠದ ಕೋಣೆಗಳಲ್ಲಿ ಹಳೆಯದು ಕೆಟ್ಟಾಗ ಹೊಸದನ್ನು ಹಾಕಿದರೆ ಸಾಕು. ಎಲ್ಲವನ್ನೂ ಒಟ್ಟಿಗೆ ಬದಲಿಸಿ ಎಂದು ಕೇಳುವ ಪ್ರಸ್ತಾವನೆಗಿಂತ ಹೀಗೆ ಆಯ್ದು ಕೇಳುವುದಕ್ಕೆ ಬೇಗ ಸಹಿ ಬೀಳುತ್ತದೆ.

ತಾರಸಿ

ಏಪ್ರಿಲ್ ಮಧ್ಯಾಹ್ನ ಮೂರು ಗಂಟೆಗೆ ಮೇಲಂತಸ್ತಿನ ಕೋಣೆಗೆ ಹೋದರೆ ಉಳಿದ ವಿವರಣೆ ಬೇಕಾಗುವುದಿಲ್ಲ. ತಾರಸಿಯ ಮೇಲೆ ಬರಿಗಾಲಿಡಲಾಗದು. ಕೆಳಗೆ ಫ್ಯಾನು ಬಿಸಿಗಾಳಿಯನ್ನೇ ತಿರುವುತ್ತಿರುತ್ತದೆ. ಪಡುವಣ ಗೋಡೆಯ ಕಡೆಯ ಬೆಂಚುಗಳು ಖಾಲಿ, ಮಕ್ಕಳು ಒಂದೇ ಬದಿಗೆ ಒತ್ತಿಕೊಂಡು ಕೂತಿರುತ್ತಾರೆ. ಗೋಡೆಯ ಮೇಲ್ಭಾಗದ ಗವಾಕ್ಷಿಗಳಿಗೆ ಪಾರಿವಾಳ ಬಾರದಿರಲೆಂದು ಎಂದೋ ರಟ್ಟು ಬಡಿದಿರುತ್ತಾರೆ. ಬಿಸಿಗಾಳಿ ಹೊರಹೋಗಬೇಕಾದ ದಾರಿ ಅದೇ.

ಇಲ್ಲಿ ಮೊದಲ ಕೆಲಸ ಸೋರಿಕೆ ನಿಲ್ಲಿಸುವುದು. ತಾರಸಿಯ ನೀರಿನ ಕಿಂಡಿಗಳನ್ನು ಮುಚ್ಚಿ ಎರಡು ದಿನ ತೆಳ್ಳಗೆ ನೀರು ನಿಲ್ಲಿಸಿದರೆ ಸೋರುವ ಜಾಗಗಳು ಕೆಳಗಿನಿಂದ ಕಾಣುತ್ತವೆ. ಈಗಾಗಲೇ ದುರ್ಬಲ ಎನಿಸಿದ ತಾರಸಿಗೆ ಮಾತ್ರ ಎಂಜಿನಿಯರನ್ನು ಕೇಳದೆ ಈ ಪರೀಕ್ಷೆ ಮಾಡಬಾರದು. ಬಿರುಕು ಮುಚ್ಚಿ, ಇಳಿಜಾರು ಸರಿಪಡಿಸಿ, ಪ್ಯಾರಾಪೆಟ್ ಗೋಡೆ ತಾರಸಿಗೆ ಸೇರುವ ಮೂಲೆಗೆ ಗಾರೆಯ ಗುಂಡು ಅಂಚು ಕೊಟ್ಟ ಮೇಲೆ ಬಿಳಿ ಹೊದಿಕೆ. ಒಡೆದ ಬಿಳಿ ಟೈಲ್ಸ್ ಚೂರುಗಳನ್ನು ಗಾರೆಯಲ್ಲಿ ಕೂರಿಸುವುದು ಬಹುಕಾಲ ಬಾಳುವ ವಿಧಾನ. ಬಿಸಿಲನ್ನು ಹಿಂದಕ್ಕೆ ಎಸೆಯುವ ಬಿಳಿ ಬಣ್ಣ ಇನ್ನೊಂದು ದಾರಿ. ಎಲ್ಲಕ್ಕಿಂತ ಅಗ್ಗದ್ದು ಅಂಟು ಬೆರೆಸಿದ ಸುಣ್ಣ, ಅದನ್ನು ವರ್ಷವರ್ಷ ಬಳಿಯಬೇಕು. ಬಿಳಿ ತಾರಸಿಯಡಿ ಕೋಣೆಯ ಉಷ್ಣಾಂಶ 2ರಿಂದ 5 ಡಿಗ್ರಿ ಸೆಲ್ಸಿಯಸ್ ತಗ್ಗಿದ ಉದಾಹರಣೆಗಳಿವೆ. ನೆರೆಯ ತೆಲಂಗಾಣ 2023ರಲ್ಲಿ ತಂಪು ತಾರಸಿಗೆಂದೇ ಒಂದು ನೀತಿಯನ್ನು ತಂದಿತು.

ಸಮಿತಿಗೆ ನಂಬಿಕೆ ಬರಬೇಕಾದರೆ ಪುಸ್ತಕದ ಅಂಕಿಗಿಂತ ತಮ್ಮದೇ ಕೋಣೆಯ ಅಂಕಿ ಮೇಲು. ಮೇಲಂತಸ್ತಿನಲ್ಲಿ ಅಕ್ಕಪಕ್ಕದ ಎರಡು ಒಂದೇ ಅಳತೆಯ ಕೋಣೆಗಳನ್ನು ಆರಿಸಿ, ಒಂದರ ನೆತ್ತಿಗಷ್ಟೇ ಸುಣ್ಣ ಬಳಿಯಬೇಕು. ಎರಡರಲ್ಲೂ ಬೆಂಚಿನ ಎತ್ತರಕ್ಕೆ ಒಂದೊಂದು ಥರ್ಮಾಮೀಟರ್. ಮಾರ್ಚಿನಲ್ಲಿ ಎರಡು ವಾರ, ದಿನವೂ ಮಧ್ಯಾಹ್ನ ಮೂರಕ್ಕೆ ವಿದ್ಯಾರ್ಥಿಗಳು ಬರೆದಿಟ್ಟ ಎರಡು ಸಾಲು ಅಂಕಿ ಸಾಕು. ಖರ್ಚು ಎರಡು ಥರ್ಮಾಮೀಟರು ಮತ್ತು ಸ್ವಲ್ಪ ಸುಣ್ಣದ್ದು ಮಾತ್ರ.

ಜೊತೆಗೆ ಗವಾಕ್ಷಿಯ ರಟ್ಟು ತೆಗೆದು ಜಾಲರಿ ಬಡಿಯಬೇಕು. ಪಡುವಣ ಕಿಟಕಿಗಳಿಗೆ ಸಜ್ಜಾ ಒಂದೇ ಸಾಲದು, ಇಳಿಬಿಸಿಲು ಅದರ ಕೆಳಗಿನಿಂದಲೇ ನುಗ್ಗುತ್ತದೆ. ಲಂಬ ಪಟ್ಟಿಗಳನ್ನೋ ಬಿದಿರಿನ ತಟ್ಟಿಯನ್ನೋ ಹಾಕಬೇಕು, ಜಾಗವಿದ್ದರೆ ಹೊಂಗೆ ಮರ ಬೆಳೆಸಬೇಕು.

ಕಲ್ಲಿನ ಕಟ್ಟಡಗಳ ವಿಷಯದಲ್ಲಿ ಒಂದು ಎಚ್ಚರಿಕೆ. ಸುಣ್ಣದ ಗಾರೆಯಲ್ಲಿ ಕಟ್ಟಿದ ಗೋಡೆಗೆ ಸಿಮೆಂಟು ಗಾರೆ ಮೆತ್ತಿದರೆ ಒಳಗಿನ ತೇವ ಆರಲು ದಾರಿಯಿಲ್ಲದೆ ಗೋಡೆ ಉಬ್ಬಿ ಕಳಚುತ್ತದೆ. ಅಂಥ ಕಡೆ ಸುಣ್ಣದ ಗಾರೆಯೇ ಆಗಬೇಕು. ಒಡೆದ ಹೆಂಚನ್ನಷ್ಟೇ ಬದಲಿಸಿ, ಗಟ್ಟಿ ಇರುವುದನ್ನು ತೊಳೆದು ಮತ್ತೆ ಹೊದಿಸಬಹುದು. ಹಳೆಯ ಬಣ್ಣದಲ್ಲಿ ಸೀಸವಿರಬಹುದಾದ್ದರಿಂದ ಒಣಗಿದ್ದಾಗ ಕೆರೆಯದೆ ನೀರು ಚಿಮುಕಿಸಿ ಕೆರೆಯಬೇಕು. ಸೈಕಲ್ ಸ್ಟ್ಯಾಂಡಿನ ಹಳೆಯ ಆಸ್ಬೆಸ್ಟಾಸ್ ಶೀಟನ್ನು ಒಡೆಯಬಾರದು, ಅದರ ಧೂಳು ಶ್ವಾಸಕೋಶಕ್ಕೆ ವಿಷ.

ಮಳೆ

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬೀದಿಗಳಲ್ಲೂ ಬೆಂಗಳೂರು–ಮೈಸೂರು ಹೆದ್ದಾರಿಯಲ್ಲೂ ನೀರು ನಿಂತಿತು. ಮರುವರ್ಷವೇ, ಅಂದರೆ 2023ರಲ್ಲಿ, ರಾಜ್ಯದ 200ಕ್ಕೂ ಹೆಚ್ಚು ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಅರ್ಕಾವತಿ, ಕಣ್ವ ಹರಿಯುವ ಜಿಲ್ಲೆಯಾದರೂ ನೆಲದಡಿ ಇರುವುದು ಗಟ್ಟಿ ಬಂಡೆ. ನೀರು ನಿಲ್ಲುವುದು ಬಂಡೆಯ ಬಿರುಕುಗಳಲ್ಲಿ ಮಾತ್ರ. ಬೋರ್‌ವೆಲ್ ಆಳಕ್ಕಿಳಿಸಿದಷ್ಟೂ ನೀರು ಹೆಚ್ಚುತ್ತದೆ ಎಂಬ ಖಾತರಿ ಇಲ್ಲಿಲ್ಲ.

ಒಂದು ಚದರ ಮೀಟರ್ ತಾರಸಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಈ ಭಾಗದಲ್ಲಿ ವರ್ಷಕ್ಕೆ ಸುಮಾರು 800 ಮಿಲಿಮೀಟರ್ ಎಂದು ಹಿಡಿದರೆ 1,000 ಚದರ ಮೀಟರ್ ತಾರಸಿಯ ಮೇಲೆ 8 ಲಕ್ಷ ಲೀಟರ್ ಬೀಳುತ್ತದೆ. ಆವಿ, ಚೆಲ್ಲಿದ್ದು, ಮೊದಲ ಕೊಳೆ ನೀರು ಕಳೆದು 6.4 ಲಕ್ಷ ಲೀಟರ್ ಕೈಗೆ ಸಿಕ್ಕೀತು. ಸಾವಿರ ವಿದ್ಯಾರ್ಥಿಗಳು ತಲೆಗೆ 20 ಲೀಟರಿನಂತೆ ಬಳಸಿದರೆ ಅದು 32 ದಿನದ ನೀರು. ವರ್ಷಪೂರ್ತಿ ಸಾಲುತ್ತದೆ ಎಂದು ಯಾರಾದರೂ ಹೇಳಿದರೆ ಅದು ತಪ್ಪು. ಆದರೆ ಟ್ಯಾಂಕರ್ ತರಿಸುವ ಒಂದು ತಿಂಗಳ ಲೆಕ್ಕ ಹಾಕಿದವರಿಗೆ ಇದರ ಬೆಲೆ ತಿಳಿಯುತ್ತದೆ.

ಇಷ್ಟು ನೀರಿಗೆ 6 ಲಕ್ಷ ಲೀಟರಿನ ತೊಟ್ಟಿ ಬೇಡ. 30 ಮಿಲಿಮೀಟರಿನ ಒಂದು ಸಂಜೆ ಮಳೆಗೆ ಇದೇ ತಾರಸಿಯಿಂದ 24,000 ಲೀಟರ್ ಇಳಿಯುತ್ತದೆ. 50,000 ಲೀಟರಿನ ಸಂಪು ಇದ್ದರೆ ಅಂಥ ಎರಡು ಮಳೆಯನ್ನು ತಡೆದುಕೊಳ್ಳುತ್ತದೆ. ಮಿಕ್ಕದ್ದನ್ನು ಬೋರ್‌ವೆಲ್ ಸುತ್ತ ತೋಡಿ ದಪ್ಪ ಕಲ್ಲು, ಜಲ್ಲಿ, ಮರಳು ತುಂಬಿದ ಇಂಗುಗುಂಡಿಗೆ ಬಿಡಬೇಕು. ಅತಿ ಹೆಚ್ಚು ಮಳೆ ಬೀಳುವ ತಿಂಗಳುಗಳು ಸೆಪ್ಟೆಂಬರ್, ಅಕ್ಟೋಬರ್ ಆದ್ದರಿಂದ, ಪಾಠ ನಡೆಯುವ ದಿನಗಳಲ್ಲೇ ಸಂಪಿನ ನೀರು ಖಾಲಿಯಾಗಿ ಮತ್ತೆ ತುಂಬುತ್ತದೆ. ನೋಡಿ ಕಲಿಯಬೇಕೆನ್ನುವವರಿಗೆ ಬೆಂಗಳೂರಿನ ಜಯನಗರದಲ್ಲಿ ಜಲಮಂಡಳಿಯ ಸರ್ ಎಂ. ವಿಶ್ವೇಶ್ವರಯ್ಯ ಮಳೆನೀರು ಕೊಯ್ಲು ಥೀಮ್ ಪಾರ್ಕ್ ಇದೆ. ಅದೇ ನಗರದ ವಿಜಯನಗರದಲ್ಲಿ ಮಳೆನೀರು ಕೊಯ್ಲಿನ ತಜ್ಞ ಎ.ಆರ್. ಶಿವಕುಮಾರ್ ಅವರ ಮನೆ 1990ರ ದಶಕದಿಂದ ಮಳೆನೀರನ್ನೇ ನೆಚ್ಚಿಕೊಂಡು ನಡೆದು ಬಂದಿದೆ.

ಸಂಪು ತೋಡಿದ ಮಣ್ಣನ್ನೂ ಎಸೆಯಬೇಕಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಶುರುವಾದ ‘ಅಸ್ತ್ರ’ ಕೇಂದ್ರವು ಮಣ್ಣಿಗೆ ಸ್ವಲ್ಪ ಸಿಮೆಂಟು ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಸುಡದೆಯೇ ಇಟ್ಟಿಗೆ ಮಾಡುವ ವಿಧಾನವನ್ನು ಬೆಳೆಸಿತು. ಮಣ್ಣಿನ ಗುಣ ಪರೀಕ್ಷಿಸಿಕೊಂಡರೆ ಸೈಕಲ್ ಸ್ಟ್ಯಾಂಡಿನ ಗೋಡೆಗೂ ಅಡ್ಡಗೋಡೆಗೂ ಈ ಇಟ್ಟಿಗೆ ಸಾಕು.

ಶೌಚಾಲಯದ ಹಳೆಯ ಫ್ಲಶ್ ಟ್ಯಾಂಕು ಒಂದು ಸಲಕ್ಕೆ 10 ಲೀಟರ್ ಸುರಿದರೆ, ಎರಡು ಒತ್ತುಗುಂಡಿಯದು 3 ಅಥವಾ 6 ಲೀಟರಿನಲ್ಲಿ ಮುಗಿಸುತ್ತದೆ. ಹೆಣ್ಣುಮಕ್ಕಳ ಶೌಚಾಲಯದಲ್ಲಿ ದಿನವಿಡೀ ನೀರಿರುವಂತೆ ನೋಡಿಕೊಳ್ಳುವುದು ಈ ಇಡೀ ಕೆಲಸದ ಅತಿ ಮುಖ್ಯ ಫಲ ಎಂದರೂ ತಪ್ಪಲ್ಲ. ನೀರಿಲ್ಲದ ಶೌಚಾಲಯಕ್ಕೆ ಹೆದರಿ ಬೆಳಗಿನಿಂದ ನೀರು ಕುಡಿಯದೆ ಕೂರುವ ವಿದ್ಯಾರ್ಥಿನಿಯರ ಕಷ್ಟ ಯಾವ ಬಿಲ್ಲಿನಲ್ಲೂ ಕಾಣುವುದಿಲ್ಲ. ಪ್ರಸ್ತಾವನೆಯಲ್ಲಿ ಅದನ್ನು ಬರೆದೇ ಹೇಳಬೇಕು.

ಸೌರಫಲಕ ಏಕೆ ಕೊನೆಗೆ

ಫಲಕಗಳು 25 ವರ್ಷ ತಾರಸಿಯ ಮೇಲೆ ಕೂರುತ್ತವೆ. ಸೋರುವ ತಾರಸಿಯ ಮೇಲೆ ಅವನ್ನು ಕೂರಿಸಿದರೆ ಆಮೇಲೆ ದುರಸ್ತಿಗಾಗಿ ಕಳಚಬೇಕಾಗುತ್ತದೆ. ಎರಡನೆಯ ಕಾರಣ ಹಣದ್ದು. ಒಂದು ಕಿಲೋವ್ಯಾಟ್ ಫಲಕಕ್ಕೆ ಸುಮಾರು 100 ಚದರ ಅಡಿ ಜಾಗ ಬೇಕು, ವರ್ಷಕ್ಕೆ 1,400 ಯೂನಿಟ್ ಆಸುಪಾಸು ಕೊಡುತ್ತದೆ. 20 ಕೋಣೆಗಳ ಟ್ಯೂಬ್‌ಲೈಟ್ ಬದಲಿಸಿದರೆ 36,000 ರೂಪಾಯಿಗೆ 4,320 ಯೂನಿಟ್ ಉಳಿಯುತ್ತದೆ. ಅಷ್ಟನ್ನೇ ಫಲಕದಿಂದ ಪಡೆಯಲು 3 ಕಿಲೋವ್ಯಾಟ್ ಬೇಕು. ಕಿಲೋವ್ಯಾಟಿಗೆ 50,000 ರೂಪಾಯಿಯಂತೆ ಹಿಡಿದರೂ ಅದು ಒಂದೂವರೆ ಲಕ್ಷ. ಮೊದಲು ಉಳಿಸಿದರೆ ಆಮೇಲೆ ಸಣ್ಣ ಘಟಕವೇ ಸಾಕಾಗುತ್ತದೆ.

ಕಾಲೇಜಿಗೆ ಇನ್ನೊಂದು ವಿಶೇಷವಿದೆ. ಬಿಸಿಲು ಚೆನ್ನಾಗಿರುವ ಬೇಸಿಗೆಯಲ್ಲೇ ರಜೆ. ಆಗ ಹುಟ್ಟಿದ ವಿದ್ಯುತ್ತು ಜಾಲಕ್ಕೆ ಹೋಗಿ ಲೆಕ್ಕಕ್ಕೆ ಜಮೆಯಾಗಬೇಕಾದರೆ ಬೆಸ್ಕಾಂ ಜೊತೆ ನೆಟ್ ಮೀಟರಿಂಗ್ ಒಪ್ಪಂದ ಇರಲೇಬೇಕು. ಕೈಯಲ್ಲಿ ಹಣವಿಲ್ಲದ ಸಂಸ್ಥೆಗಳಿಗೆ, ಕಂಪನಿಯೇ ಫಲಕ ಹಾಕಿ ಯೂನಿಟ್ಟಿಗಿಷ್ಟು ಎಂದು ಹಣ ಪಡೆಯುವ ಪದ್ಧತಿಯೂ ಇದೆ. ಅಂಥ ಒಪ್ಪಂದದಲ್ಲಿ ದರ ಎಷ್ಟು ವರ್ಷಕ್ಕೆ ಹೇಗೆ ಏರುತ್ತದೆ, ತಾರಸಿ ಕೆಟ್ಟರೆ ಯಾರು ಹೊಣೆ ಎಂಬುದನ್ನು ಓದಿ ಸಹಿ ಹಾಕಬೇಕು. ಹಾಸ್ಟೆಲ್ ಇದ್ದರೆ ಸೋಲಾರ್ ವಾಟರ್ ಹೀಟರು ಈ ಫಲಕಗಳಿಗಿಂತಲೂ ಮೊದಲೇ ಬರಬೇಕು.

ಯಾರನ್ನು, ಹೇಗೆ ಕೇಳುವುದು

ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಪ್ರಸ್ತಾವನೆ ಕಾಲೇಜು ಅಭಿವೃದ್ಧಿ ಸಮಿತಿಯ ಮುಂದೆ ಬರುತ್ತದೆ. ಅದರ ಅಧ್ಯಕ್ಷರು ಕ್ಷೇತ್ರದ ಶಾಸಕರು. ಕಟ್ಟಡದ ಕೆಲಸಕ್ಕೆ ಲೋಕೋಪಯೋಗಿ ಇಲಾಖೆಯ ದರಪಟ್ಟಿಯಂತೆ ಅಂದಾಜುಪಟ್ಟಿ ಆಗಬೇಕು, ಖರೀದಿ ಪಾರದರ್ಶಕತೆ ಕಾಯ್ದೆಯಂತೆ ಟೆಂಡರ್ ಆಗಬೇಕು. ದರಪಟ್ಟಿಯಲ್ಲಿಲ್ಲದ ಸಾಮಗ್ರಿ ಬರೆದರೆ ಕಡತ ಅಲ್ಲೇ ನಿಲ್ಲುತ್ತದೆ. ಆದ್ದರಿಂದ ಎಂಜಿನಿಯರನ್ನು ಮೊದಲೇ ಕರೆದು ತಾರಸಿ ಹತ್ತಿಸಿ ತೋರಿಸುವುದು ಜಾಣತನ. ಖಾಸಗಿ ಸಂಸ್ಥೆಗಳಲ್ಲಿ ಆಡಳಿತ ಮಂಡಳಿ ಕೇಳುವುದು ಒಂದೇ ಪ್ರಶ್ನೆ: ಹಾಕಿದ ಹಣ ಯಾವಾಗ ಬರುತ್ತದೆ?

ಎರಡೂ ಕಡೆ ಕೆಲಸಕ್ಕೆ ಬರುವ ವಾದವೆಂದರೆ ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಮೌಲ್ಯಮಾಪನ. ಅದರ ಏಳು ಮಾನದಂಡಗಳ ಪದ್ಧತಿಯಲ್ಲಿ ಏಳನೆಯದು ಪರ್ಯಾಯ ಇಂಧನ, ಮಳೆನೀರು ಕೊಯ್ಲು, ತ್ಯಾಜ್ಯ ನಿರ್ವಹಣೆ, ಹಸಿರು ಆಡಿಟ್ ಮತ್ತು ಅಂಗವಿಕಲರಿಗೆ ಅನುಕೂಲ ಇವನ್ನೆಲ್ಲ ಕೇಳುತ್ತದೆ. ಹೇಗೂ ಮೇಸ್ತ್ರಿಗಳು ಬಂದಾಗ ಇಳಿಜಾರು ದಾರಿಯನ್ನೂ ಕಟ್ಟಿಸಿಕೊಂಡರೆ ಎರಡು ಸಲ ಒಡೆಯುವುದು ತಪ್ಪುತ್ತದೆ.

ಹಣದ ಮೂಲಗಳಲ್ಲಿ ಶಾಸಕರ ಮತ್ತು ಸಂಸದರ ಪ್ರದೇಶಾಭಿವೃದ್ಧಿ ನಿಧಿ, ಇಲಾಖೆಯ ಅನುದಾನ, ಹಳೆಯ ವಿದ್ಯಾರ್ಥಿಗಳ ಸಂಘ ಎಲ್ಲರಿಗೂ ಗೊತ್ತಿರುವವು. ಈ ಜಿಲ್ಲೆಗೆ ಬಿಡದಿ ಮತ್ತು ಹಾರೋಹಳ್ಳಿ ಕೈಗಾರಿಕಾ ಪ್ರದೇಶಗಳ ಅನುಕೂಲವೂ ಇದೆ. 2013ರ ಕಂಪನಿ ಕಾಯ್ದೆಯಂತೆ ನಿಗದಿತ ಮಟ್ಟ ಮೀರಿದ ಕಂಪನಿಗಳು ಸರಾಸರಿ ನಿವ್ವಳ ಲಾಭದ ಶೇ 2ರಷ್ಟನ್ನು ಸಾಮಾಜಿಕ ಕೆಲಸಕ್ಕೆ ಇಡಬೇಕು. ಶಿಕ್ಷಣ, ಪರಿಸರ ಎರಡೂ ಆ ಪಟ್ಟಿಯಲ್ಲಿವೆ. ಕಂಪನಿಗಳ ಮುಂದೆ ಇಡೀ ಕಟ್ಟಡದ ಕನಸನ್ನು ಇಡುವುದಕ್ಕಿಂತ ‘ಮೂರನೇ ಬ್ಲಾಕಿನ ಸಂಪು ಮತ್ತು ಇಂಗುಗುಂಡಿ’ ಎಂಬಂಥ ಮುಗಿಯುವ ಒಂದು ಕೆಲಸವನ್ನು ಇಡುವುದು ಫಲಕಾರಿ.

ಪ್ರಸ್ತಾವನೆಯ ಮೊದಲ ಪುಟ ಇಷ್ಟು ಸರಳವಾಗಿರಬಹುದು: ‘ಮೇಲಂತಸ್ತಿನ 8 ಕೋಣೆಗಳು ಸೋರುತ್ತಿವೆ. ಬೇಸಿಗೆಯಲ್ಲಿ ಮಧ್ಯಾಹ್ನದ ಪಾಠ ಕಷ್ಟ. ಕಳೆದ ವರ್ಷ ವಿದ್ಯುತ್ತಿಗೆ ಇಷ್ಟು, ಟ್ಯಾಂಕರಿಗೆ ಇಷ್ಟು ಖರ್ಚಾಗಿದೆ. ಮೊದಲ ವರ್ಷ ತಾರಸಿ ಮತ್ತು ದೀಪ, ಎರಡನೇ ವರ್ಷ ಮಳೆನೀರು ಮತ್ತು ಶೌಚಾಲಯ, ಮೂರನೇ ವರ್ಷ ಸೌರಫಲಕ. ಮೊದಲ ವರ್ಷಕ್ಕೆ ಬೇಕಾದ ಮೊತ್ತ ಇಷ್ಟು.’ ಅದರ ಹಿಂದೆ ಮೊದಲು ಬಲ ಪರೀಕ್ಷೆಯ ವರದಿ, ಆಮೇಲೆ ಬಿಲ್ಲುಗಳ ಪ್ರತಿ, ಎರಡು ಕೋಣೆಗಳ ಥರ್ಮಾಮೀಟರ್ ಅಂಕಿ ಮತ್ತು ಸೋರುವ ಜಾಗದ ಫೋಟೊಗಳು.

ಕೆಲಸ ಮುಗಿದ ಮೇಲೆ ಒಂದು ದಪ್ಪ ರಿಜಿಸ್ಟರ್ ಬೇಕು. ಪ್ರತಿ ತಿಂಗಳ ಯೂನಿಟ್, ಟ್ಯಾಂಕರ್ ಸಂಖ್ಯೆ, ಸಂಪಿನ ಮಟ್ಟ ಅದರಲ್ಲಿ ಬರೆದಿಡಬೇಕು. ಮುಂಗಾರಿಗೆ ಮುನ್ನ ತಾರಸಿ ಗುಡಿಸಿ ಫಿಲ್ಟರಿನ ಜಲ್ಲಿ ತೊಳೆಯುವುದು, ಚಳಿಗಾಲ ಮುಗಿದೊಡನೆ ಫಲಕಗಳ ಧೂಳು ಒರೆಸುವುದು, ಮಾರ್ಚಿಗೆ ಮುಂಚೆ ಸುಣ್ಣ ಬಳಿಯುವುದು ಯಾರ ಹೊಣೆ ಎಂದು ಹೆಸರು ಸಮೇತ ನಮೂದಿಸಬೇಕು. ಸರ್ಕಾರಿ ಕಾಲೇಜುಗಳಲ್ಲಿ ಪ್ರಾಂಶುಪಾಲರ ವರ್ಗಾವಣೆ ಆಗುತ್ತಲೇ ಇರುತ್ತದೆ. ಪ್ರಭಾರ ವಹಿಸಿಕೊಡುವ ಪಟ್ಟಿಯಲ್ಲಿ ಬೀರುವಿನ ಬೀಗದ ಕೈಗಳ ಜೊತೆಗೆ ಈ ರಿಜಿಸ್ಟರೂ ಇರಬೇಕು.